ನರಿಗೆ ಓಗೊಟ್ಟ ಸಂಜೆ

ಕುಕ್ಕರ್ ಕೂಗುವುದನ್ನು ನಿಲ್ಲಿಸಿದ ದಿನವೇ ಮನೆಗೆ ಇಲಿ ಬಂದಿದೆ ಎಂದು ನನಗೆ ಗೊತ್ತಾಗಬೇಕಿತ್ತು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದವಳು ಸುಟ್ಟ ವಾಸನೆಗೆ ಓಡಿ ಬಂದು ನೋಡಿದರೆ, ಬೇಳೆ ತಳ ಹಿಡಿದು ಅಡುಗೆಮನೆಯ ತುಂಬ ಹೊಗೆ. ವಿಸಿಲ್ಲು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು, ಹಬೆ ಚಿಮ್ಮುತ್ತಿತ್ತು, ಸದ್ದು ಮಾತ್ರ ಇಲ್ಲ. ಅತ್ತೆ ಮೂಗಿಗೆ ಸೆರಗು ಹಿಡಿದುಕೊಂಡು ಬಂದು, ಬಗ್ಗಿ ಕುಕ್ಕರಿಗೆ ಕಿವಿಯಿಟ್ಟು ಕೇಳಿದರು. “ಒಂಚೂರೂ ಬಿಟ್ಟಿಲ್ಲ ನೋಡು ವನಜಾ. ಸದ್ದನ್ನ ಪೂರ್ತಿ ತಿಂದಿದೆ. ಇದು ಸಣ್ಣ ಇಲಿಯಲ್ಲ,” ಅಂದರು.

ನಮ್ಮ ಬೀದಿಯ ಹಿಂದೆ ಹೊಸ ತರಕಾರಿ ಮಾರುಕಟ್ಟೆ ಆದಾಗಿನಿಂದ ಇಲಿಗಳು ಹೆಚ್ಚಾಗಿದ್ದವು. ಇಲಿಗಳು ಹೆಚ್ಚಾದ ಮೇಲೆ ನರಿಗಳೂ ಬಂದವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಇಟ್ಟಿಗೆ ಗೂಡುಗಳ ಕಡೆಯಿಂದ ಬಂದು, ಕಸದ ಡಬ್ಬಿ ಉರುಳಿಸಿ, ಕಾಂಪೌಂಡಿನ ಮೇಲೆ ನಡೆದು ಹೋಗುತ್ತಿದ್ದವು. ಇಲಿ ತಿಂದ ಸದ್ದು ಇಲಿಯ ಹೊಟ್ಟೆಯಲ್ಲಿ ತೆಪ್ಪಗಿರುತ್ತದೆ. ಆ ಇಲಿಯನ್ನು ನರಿ ತಿಂದರೆ ತೆಪ್ಪಗಿರುವುದಿಲ್ಲ, ಆಚೆ ಬರುತ್ತದೆ. ಹೋದ ತಿಂಗಳು ಒಂದು ನರಿ ಬೀದಿಯ ಉದ್ದಕ್ಕೂ ಯಾರದೋ ಮನೆಯ ಕಾಲಿಂಗ್ ಬೆಲ್ ಬಾರಿಸಿಕೊಂಡು ಹೋಗಿ, ಎಲ್ಲರೂ ಕೈ ಒರೆಸಿಕೊಳ್ಳುತ್ತ ಬಾಗಿಲು ತೆಗೆದು ನಿಂತಿದ್ದೆವು.

ಅವತ್ತು ಸಂಜೆ ಇವರು ಕೆಲಸದಿಂದ ಬಂದವರೇ ಅಟ್ಟದಿಂದ ಬೋನು ಇಳಿಸಿದರು. ನಗರಕ್ಕೆ ನೀರು ಬಿಡುವ ಕೆಲಸ ಇವರದು. ವಾಲ್ವು ತಿರುಗಿಸಿ ತಿರುಗಿಸಿ ಇವರ ಕೈಗೆ ಯಾವುದನ್ನೂ ಮೆಲ್ಲಗೆ ಮುಟ್ಟಿ ಗೊತ್ತಿಲ್ಲ. ಬೋನಿನೊಳಗೆ ಹಳೆಯ ಅಲಾರಂ ಗಡಿಯಾರವನ್ನು ದಾರದಿಂದ ಬಿಗಿದು ಕಟ್ಟಿ, “ಟಿಕ್ ಟಿಕ್ ಅಂದ್ರೆ ಪ್ರಾಣ ಬಿಡುತ್ತವೆ, ನೋಡ್ತಿರು,” ಅಂದರು. ಬೆಳಿಗ್ಗೆ ಎದ್ದು ನೋಡಿದರೆ ಗಡಿಯಾರ ಮೂಕವಾಗಿ ಓಡುತ್ತಿತ್ತು. ಬೋನಿನ ಬಾಗಿಲು ಬಿದ್ದಿತ್ತು, ಹಿಂಬದಿಯ ತಂತಿ ಬಾಗಿತ್ತು, ಇಲಿ ಇರಲಿಲ್ಲ. ಬಾಗಿಲು ಬಿದ್ದ ಸದ್ದನ್ನೂ ತಿಂದುಕೊಂಡು ಹೋಗಿತ್ತು.

ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ಆ ಇಲಿಯ ಮೇಲೆ ಅಷ್ಟೇನೂ ಕೋಪವಿರಲಿಲ್ಲ. ಇವರ ಗೊರಕೆಯನ್ನು ಅದು ಮೂಲದಿಂದಲೇ ಮುಗಿಸಿತ್ತು. ಪಕ್ಕದಲ್ಲಿ ಎದೆ ಏರಿ ಇಳಿಯುವುದು ಕಾಣುತ್ತಿತ್ತು, ಬಾಯಿ ತೆರೆದಿತ್ತು, ಸದ್ದಿಲ್ಲ. ಮದುವೆಯಾದ ಮೇಲೆ ಅಷ್ಟು ಸೊಗಸಾಗಿ ನಾನು ಎಂದೂ ಮಲಗಿರಲಿಲ್ಲ. ಇಲಿಗೆ ಒಂದು ಚೂರು ಬೆಲ್ಲ ಇಡೋಣವೇ ಅನ್ನಿಸಿತ್ತು.

ಆಮೇಲೆ ಅದು ಪಾರಿಯ ಹತ್ತಿರ ಬಂತು.

ಪಾರಿ ನನ್ನ ಮಗಳು, ಪಾರಿಜಾತ. ಈ ವರ್ಷ ಶಿಶುವಿಹಾರಕ್ಕೆ ಸೇರಿಸಿದ್ದೇವೆ. ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದಾಗ ಬಂದು ಸೆರಗು ಜಗ್ಗಿದಳು. ನೋಡಿದರೆ ಬಾಯಿ ತೆರೆದಳು, ತುಟಿ ಕೂಡಿಸಿದಳು, ಬಿಟ್ಟಳು. ಆಮೇಲೆ “ನೀರು ಬೇಕು” ಅಂದಳು. ಏನೋ ಆಟ ಅಂದುಕೊಂಡು ನೀರು ಕೊಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು, ಮತ್ತೆ ತುಟಿ ಕೂಡಿಸಿ ಬಿಟ್ಟಳು. “ಗೊಂಬೆ ಮಂಚದ ಕೆಳಗೆ ಹೋಯ್ತು,” ಅಂದಳು. ನನ್ನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು.

ಅತ್ತೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. “ಅಜ್ಜಿ ಅನ್ನು.” “ಅಜ್ಜಿ.” “ಅಪ್ಪ ಅನ್ನು.” “ಅಪ್ಪ.” “ಈಗ ಇವಳ್ಯಾರು, ಕೂಗು ನೋಡೋಣ.” ಪಾರಿ ನನ್ನ ಕಡೆ ತಿರುಗಿ, ಕತ್ತು ಉದ್ದ ಮಾಡಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು. ತುಟಿ ಆಡಿತು. ಗಂಟಲ ನರ ಉಬ್ಬಿತು. ಫ್ಯಾನು ತಿರುಗುವುದಷ್ಟೇ ಕೇಳಿಸಿತು. ಅವಳಿಗೆ ಅದು ತಮಾಷೆ ಅನ್ನಿಸಿ ನಕ್ಕಳು. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟರು.

ನಮ್ಮದೂ ಅಹಲ್ಯಕ್ಕನದೂ ಜೋಡಿಮನೆ, ನಡುವೆ ಒಂದೇ ಗೋಡೆ. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನುತ್ತಾರೆ. ಸುದ್ದಿ ಗೋಡೆ ದಾಟಲು ಹೊತ್ತಾಗಲಿಲ್ಲ. ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತು ಅಹಲ್ಯಕ್ಕ ಹೇಳಿದರು: “ಮಗು ಕೂಗಿದಾಗ ಓಗೊಡದೆ ಬಿಟ್ಟಿರ್ತೀಯ ವನಜಾ. ಯಾರೂ ಎತ್ಕೊಳ್ಳದೆ ನೆಲಕ್ಕೆ ಬಿದ್ದಿರೋ ಸದ್ದನ್ನೇ ಅಲ್ವಾ ಇಲಿ ತಿನ್ನೋದು? ನನಗೂ ಮೂರು ಗಂಡುಮಕ್ಕಳಿದ್ದಾರಮ್ಮ. ಒಂದು ದಿನ ಒಂದು ಕೂಗು ಕೆಳಗೆ ಬೀಳೋಕೆ ಬಿಟ್ಟಿಲ್ಲ.”

ನಾನು ಒಳಗೆ ಬಂದು ರಾಗಿ ಹಿಟ್ಟು ಜರಡಿ ಹಿಡಿಯತೊಡಗಿದೆ. ದೋಸೆ ಹೊಯ್ಯುವಾಗ, ಪಾತ್ರೆ ತಿಕ್ಕುವಾಗ, ತಲೆಗೆ ನೀರು ಹಾಕಿಕೊಳ್ಳುವಾಗ ಎಷ್ಟು ಸಲ “ತಾಳು, ಬಂದೆ” ಅಂದಿದ್ದೇನೋ. ಜರಡಿ ಮಂಜಾಗಿ ಕಾಣತೊಡಗಿತು. ಅತ್ತೆ ಬಂದು ನನ್ನ ಕೈಯಿಂದ ಜರಡಿ ಕಿತ್ತುಕೊಂಡರು. “ಅವಳ ಮಾತು ಕೇಳ್ಕೊಂಡು ಹಿಟ್ಟು ಒದ್ದೆ ಮಾಡಬೇಡ. ನನ್ನ ಪೆಟ್ಟಿಗೆಯಲ್ಲಿ ಎಷ್ಟು ಸೀರೆ ಇತ್ತು? ಇಲಿ ಹೋಗಿ ಹೋಗಿ ಯಾವುದನ್ನು ಕಡೀತು? ಜರಿ ಸೀರೆ ಮುಟ್ಟಿತಾ? ದಿನಾ ಉಟ್ಟು ಒಗೆದು ಮೆತ್ತಗಾಗಿತ್ತಲ್ಲ, ಆ ನೀಲಿ ಹತ್ತಿ ಸೀರೆ, ಅದನ್ನೇ ಕಡೀತು. ಈ ಮಗು ದಿನಕ್ಕೆ ನೂರು ಸಲ ಆ ಒಂದು ಮಾತನ್ನ ಬಳಸುತ್ತೆ. ಬಳಸಿ ಬಳಸಿ ಮೆತ್ತಗಾಗಿದೆ. ಅದಕ್ಕೇ ಅದನ್ನೇ ತಿಂದಿದೆ.” ಅಷ್ಟು ಹೇಳಿ ಜರಡಿ ಜೋರಾಗಿ ಆಡಿಸಿದರು. ನನ್ನ ಅತ್ತೆಯ ಬಾಯಲ್ಲಿ ಅಷ್ಟು ಮೆತ್ತನೆಯ ಮಾತು ನಾನು ಕೇಳಿದ್ದು ಅದೇ ಮೊದಲು.

ಸಮಾಧಾನವೇನೋ ಆಯಿತು. ಆದರೆ ಸಮಾಧಾನದಿಂದ ಮಾತು ವಾಪಸು ಬರುವುದಿಲ್ಲವಲ್ಲ. ಎರಡು ದಿನ ಕಳೆದಿರಬೇಕು, ಮನೆಯಲ್ಲಿ ಪಾರಿ ಕಾಣಲಿಲ್ಲ. ಹಿತ್ತಲು, ಜಗುಲಿ, ಅಹಲ್ಯಕ್ಕನ ಮನೆ ಎಲ್ಲ ನೋಡಿದೆ. ಕೊನೆಗೆ ಬಚ್ಚಲಮನೆಯ ಬಾಗಿಲ ಸಂದಿಯಲ್ಲಿ ಪುಟ್ಟ ಬೆರಳುಗಳು ಕಂಡವು. ಒಳಗಿನಿಂದ ಚಿಲಕ ಹಾಕಿಕೊಂಡು ತೆಗೆಯಲಾಗದೆ ಕೂತಿದ್ದಳು. ಎಷ್ಟು ಹೊತ್ತಿನಿಂದಲೋ. ಇವರು ಬಂದು ಬಾಗಿಲು ಮೀಟಿ ತೆಗೆದಾಗ ಮುಖವೆಲ್ಲ ಕಣ್ಣೀರು, ಸಿಂಬಳ. ಬಾಯಿ ಇನ್ನೂ ಸದ್ದಿಲ್ಲದೆ ನನ್ನನ್ನು ಕರೆಯುತ್ತಲೇ ಇತ್ತು. ಎತ್ತಿಕೊಂಡು ಬೆನ್ನು ಸವರುತ್ತ ಕೇಳಿದೆ, “ಅಜ್ಜೀ ಅಂತಲಾದ್ರೂ ಕೂಗಬಾರದಿತ್ತಾ ಕಂದಾ?” ಬಿಕ್ಕುತ್ತ ಅಂದಳು, “ನಂಗೆ ನೀನು ಬೇಕಿತ್ತು.”

ಆ ರಾತ್ರಿ ಊಟಕ್ಕೆ ಕೂತಾಗ ಇವರು ತಮಗೆ ತೋಚಿದ ಉಪಾಯ ಹೇಳಿದರು. “ಬೇರೆ ಮಾತು ಕಲಿಸೋಣ ಬಿಡು. ಅವ್ವ ಅನ್ನಲಿ. ಏನೀಗ?” ಪಾರಿ ಅನ್ನದ ತುತ್ತು ಕೆನ್ನೆಯಲ್ಲಿಟ್ಟುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅದು ನೀನಲ್ಲ,” ಅಂದಳು. ಇವರು ಪಲ್ಯ ಬಡಿಸಿಕೊಂಡರು.

ಮರುದಿನ ಸಂಜೆ ಪಾರಿ ಒಳಗೆ ಚಿತ್ರ ಬರೆಯುತ್ತಿದ್ದಳು, ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಹೊರಗಿನಿಂದ “ಅಮ್ಮಾ” ಎಂದು ಕೇಳಿಸಿತು. ಪಾರಿಯದೇ ದನಿ, ಕೊನೆಯಲ್ಲಿ ಸ್ವಲ್ಪ ಎಳೆದು, ಮೇಲಕ್ಕೆ ಏರಿಸಿ, ಏನೋ ಕೇಳಲಿಕ್ಕೆ ಬರುವಾಗಿನ ದನಿ. ಕೈಯಲ್ಲಿ ಲಟ್ಟಣಿಗೆ ಹಿಡಿದೇ ಜಗುಲಿಗೆ ಓಡಿದೆ. ಕಾಂಪೌಂಡಿನ ಮೇಲೆ ಬೂದು ಕೆಂಪು ಬಣ್ಣದ ಒಂದು ನರಿ ಕೂತಿತ್ತು. ನನ್ನನ್ನು ನೋಡಿ ಇನ್ನೊಮ್ಮೆ ಕರೆಯಿತು. ಓ ಎಂದು ನನ್ನ ಬಾಯಿ ತೆರೆದೇ ಬಿಟ್ಟಿತ್ತು. ಹಿಂದಿನಿಂದ ಅತ್ತೆಯ ಹಿಟ್ಟಿನ ಕೈ ಬಂದು ಬಾಯಿ ಮುಚ್ಚಿತು. “ಬೇಡ! ಬೇಡ ವನಜಾ!”

ನರಿಗೆ ಓಗೊಡಬಾರದು ಎನ್ನುವುದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಕರೆ ಯಾರಿಗೆ ಸೇರಿದ್ದೋ ಅವರು ಓಗೊಟ್ಟರೆ ಸದ್ದು ಒಡೆಯರಿಗೆ ವಾಪಸು ಸೇರುತ್ತದೆ, ನಿಜ. ಆದರೆ ಓಗೊಡಿಸಿಕೊಂಡ ನರಿ ಅಷ್ಟಕ್ಕೆ ನಿಲ್ಲಿಸುವುದಿಲ್ಲ. ಹೊಟ್ಟೆಯಲ್ಲಿರುವುದನ್ನೆಲ್ಲ ಅಲ್ಲೇ ಬಾಗಿಲಲ್ಲಿ ಸುರಿದು, ಹಗುರಾಗಿ ಹೋಗುತ್ತದೆ. ಮುಚ್ಚಿದ ಕದದ ಹಿಂದೆ ಆಡಿದ್ದು, ಗೊಣಗಿದ್ದು, ಅತ್ತಿದ್ದು, ಎಲ್ಲ ಬೀದಿಗೆ. ಕಾಲಿಂಗ್ ಬೆಲ್ ಬೇಕಾದರೆ ಅಂಗಡಿಯಿಂದ ಹೊಸದು ತಂದರಾಯಿತು, ಅದಕ್ಕಾಗಿ ಮನೆಯ ಮಾನವನ್ನು ಯಾರು ಹರಾಜಿಗಿಡುತ್ತಾರೆ?

“ಅಂಥದ್ದೇನು ಆಡಿದ್ದೀವಿ ಅತ್ತೆ ನಾವು?” ಅಂದೆ. ಅತ್ತೆ ನನ್ನ ಮುಖ ನೋಡದೆ, “ಎಲ್ಲರ ಮನೆಯಲ್ಲೂ ಏನೇನೋ ಇರುತ್ತೆ,” ಅಂದು ಒಳಗೆ ಹೋದರು. ನಾನು ತಿರುಗುವಷ್ಟರಲ್ಲಿ ನರಿ ಜಿಗಿದು ಹೋಗಿತ್ತು.

ಅದೇ ಹೊತ್ತಿಗೆ ಬೀದಿಯವರೆಲ್ಲ ಸೇರಿ ಭಾನುವಾರ ನರಿಗಳನ್ನು ಓಡಿಸುವುದೆಂದು ತೀರ್ಮಾನಿಸಿದ್ದರು. ಮುಂದೆ ನಿಂತು ಮಾಡಿಸುತ್ತಿದ್ದವರು ಅಹಲ್ಯಕ್ಕ. ಮನೆಮನೆಯ ಗೇಟಿನಲ್ಲಿ ಒಬ್ಬೊಬ್ಬರು ತಟ್ಟೆ ಹಿಡಿದು ನಿಲ್ಲಬೇಕು, ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಬೇಕು, ಬಡಿಯುತ್ತ ಬಡಿಯುತ್ತ ಇಟ್ಟಿಗೆ ಗೂಡುಗಳ ಆಚೆಗೆ ದಾಟಿಸಬೇಕು. ಹಾಗೆ ಬೆದರಿ ಗೂಡು ದಾಟಿ ಓಡಿದ ನರಿ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಹೋದದ್ದು ಹೋದ ಹಾಗೇ. ಪಾರಿಯ ಮಾತೂ ಅದರ ಜೊತೆಗೇ. ನಾನು ಶನಿವಾರ ಸಂಜೆಯಿಡೀ ಗೇಟಿನ ಬಳಿ ನಿಂತಿದ್ದೆ. ಯಾರೋ ಆಗಲೇ ಮೆಣಸಿನಕಾಯಿ ಹೊಗೆ ಹಾಕಿ ನೋಡುತ್ತಿದ್ದರು. ನರಿ ನಮ್ಮ ಬೀದಿಗೆ ಬರಲಿಲ್ಲ.

ಭಾನುವಾರ ದೀಪ ಹಚ್ಚುವ ಹೊತ್ತಿಗೆ ಬೀದಿಯೆಲ್ಲ ಹೊಗೆ, ಸೀನು, ತಟ್ಟೆಗಳ ಗಲಾಟೆ. ಪಾರಿಯನ್ನು ಕಿಟಕಿಯ ಹಿಂದೆ ಕೂರಿಸಿ, ಅತ್ತೆ, ಇವರು, ನಾನು ಮೂವರೂ ಗೇಟಿನಲ್ಲಿ ನಿಂತಿದ್ದೆವು. ನನ್ನ ಕೈಯಲ್ಲೂ ಒಂದು ತಟ್ಟೆ ಕೊಟ್ಟಿದ್ದರು. ಬಡಿಯಲು ಕೈ ಬರಲಿಲ್ಲ. ಮಾರುಕಟ್ಟೆಯ ಕಡೆಯಿಂದ ಎರಡು ನರಿಗಳು ಬಾಲ ಕಾಲಸಂದಿಗೆ ಸಿಕ್ಕಿಸಿಕೊಂಡು ಓಡಿಹೋದವು. ಆಮೇಲೆ ನಮ್ಮ ನರಿ ಬಂತು. ಬೀದಿಯ ನಡುವೆ ಅತ್ತಿತ್ತ ನುಗ್ಗಿ ದಾರಿ ಕಾಣದೆ, ನೇರ ನಮ್ಮ ಗೇಟಿನ ಮುಂದೆ ಬಂದು ನಿಂತು, ಏದುಸಿರು ಬಿಡುತ್ತ ನನ್ನನ್ನು ನೋಡಿ ಕೂಗಿತು. “ಅಮ್ಮಾ.”

ತಟ್ಟೆಗಳು ನಿಂತವು. ಅಹಲ್ಯಕ್ಕ ಪಕ್ಕದ ಗೇಟಿನಿಂದ, “ವನಜಾ, ಬಾಯಿ ಬಿಟ್ಟೀಯ! ಬಡಿ, ಬಡಿ!” ಎಂದು ಕಿರುಚಿದರು. ನಾನು ಅತ್ತೆಯ ಕಡೆ ನೋಡಿದೆ. ಅವರು ತಮ್ಮ ತಟ್ಟೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ಒಂದು ಗಳಿಗೆ ಕಣ್ಣು ಮುಚ್ಚಿ ತೆಗೆದರು. “ಬಚ್ಚಲಲ್ಲಿ ಹೇಗೆ ಕೂತಿತ್ತು ಮಗು,” ಅಂದರು. “ನನ್ನ ಮಾನ ಹೋದ್ರೆ ಹೋಗ್ಲಿ. ಓಗೊಡು.”

“ಓ,” ಅಂದೆ. “ಬಂದೆ ಕಂದಾ.”

ನರಿ ಹಿಂಗಾಲು ಮಡಿಸಿ, ಬಾಗಿಲಿಗೆ ಬಂದ ನೆಂಟರ ಹಾಗೆ ನಿಧಾನವಾಗಿ ಕೂತುಕೊಂಡಿತು. ಮೊದಲು ಬಂದದ್ದು ಕುಕ್ಕರ್. ಅಷ್ಟು ದಿನದ ವಿಸಿಲ್ಲುಗಳೆಲ್ಲ ಒಂದರ ಹಿಂದೊಂದು ಕೂಗಿ, ಬೀದಿಯ ಅರ್ಧ ಹೆಂಗಸರು ತಮ್ಮ ತಮ್ಮ ಒಲೆಯ ಕಡೆ ತಿರುಗಿದರು. ಆಮೇಲೆ ಗಡಿಯಾರ, ಬೋನಿನ ಬಾಗಿಲು. ಆಮೇಲೆ ಇವರ ಗೊರಕೆ. ಮರದ ದಿಮ್ಮಿ ಕೊಯ್ದ ಹಾಗೆ ಗೊರಕೆ ಹೊರಳಿ ಹೊರಳಿ ಬರುತ್ತಿದ್ದರೆ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಇವರು ಆಕಾಶದಲ್ಲಿ ಏನೋ ಕಂಡವರಂತೆ ಮೇಲೆ ನೋಡುತ್ತ ನಿಂತರು.

ಆಮೇಲೆ ಕರುಂ ಕುರುಂ ಎಂದು ಸದ್ದಾಯಿತು. ಯಾರೋ ಚಕ್ಕುಲಿ ತಿನ್ನುವ ಸದ್ದು. ಬಾಯಿ ತುಂಬಿಕೊಂಡ ಒಂದು ಪಿಸುಮಾತು: “ಪಾರಿ, ಇದು ನಿನಗೆ, ಇದು ನನಗೆ. ಶನಿವಾರ ತಿಂದೆ ಅಂತ ಅಮ್ಮಂಗೆ ಹೇಳಬೇಡ, ಆಯ್ತಾ? ಇನ್ನೊಂದು ಕೊಡು.” ಮತ್ತೆ ಕುರುಂ.

ನನ್ನ ಅತ್ತೆಯ ಶನಿವಾರದ ಉಪವಾಸ ಇಡೀ ಬೀದಿಗೆ ಗೊತ್ತು. ಸೂರ್ಯ ಮುಳುಗುವ ತನಕ ಹನಿ ನೀರು ಮುಟ್ಟುವುದಿಲ್ಲ ಎಂದು ಅವರೇ ಎಲ್ಲರಿಗೂ ಹೇಳಿಟ್ಟಿದ್ದರು. ಉಪವಾಸ ಅಂದರೆ ಹಾಗಿರಬೇಕು ಎಂದು ಬೀದಿಯ ಹೊಸ ಸೊಸೆಯಂದಿರು ತಮ್ಮ ತಮ್ಮ ಅತ್ತೆಯರಿಂದ ಬೈಸಿಕೊಂಡಿದ್ದರು. ಅತ್ತೆಯ ಕಿವಿ ಕೆಂಪಗಾಯಿತು. ಅಹಲ್ಯಕ್ಕನಿಗೆ ತಡೆಯಲಾಗಲಿಲ್ಲ. “ಏನು ದೊಡ್ಡಮ್ಮ, ಶನಿವಾರದ ವ್ರತ ಬಹಳ ಗರಿಗರಿಯಾಗಿದೆಯಲ್ಲ!” ಅಂದರು. ಬೀದಿ ಗೊಳ್ಳೆಂದು ನಕ್ಕಿತು. ಅತ್ತೆ ಗಲ್ಲ ಎತ್ತಿದರು. “ಹಲ್ಲು ಗಟ್ಟಿಯಿದೆ ಕಣಮ್ಮ. ಇಲ್ಲದೋರು ನಗ್ರಿ.”

ನರಿ ಇನ್ನೂ ಮುಗಿಸಿರಲಿಲ್ಲ. ಕತ್ತು ಓರೆ ಮಾಡಿ, ಈ ಸಲ ಬೇರೆಯದೇ ದನಿಯಲ್ಲಿ ಮಾತಾಡಿತು. ದಣಿದ, ಸ್ವಲ್ಪ ಒಡಕಾದ ಹೆಂಗಸಿನ ದನಿ. “ದೇವರೇ, ಒಂದು ಗಳಿಗೆ. ಒಂದೇ ಒಂದು ಗಳಿಗೆ ಯಾರೂ ನನ್ನನ್ನ ಅಮ್ಮಾ ಅಂತ ಕೂಗದೇ ಇರಲಿ. ಈ ಬಾಗಿಲ ಹಿಂದೆ ಒಂಚೂರು ಕೂತ್ಕೋತೀನಿ.”

ಅದು ನನ್ನ ದನಿಯಾಗಿರಲಿಲ್ಲ, ಅತ್ತೆಯದೂ ಅಲ್ಲ. ಇಲಿಗೆ ಇದ್ದದ್ದು ಎರಡು ಮನೆಗೂ ಸೇರಿದ ಒಂದೇ ಗೋಡೆ. ಅದು ಎರಡೂ ಕಡೆ ಮೇಯುತ್ತಿತ್ತು ಎನ್ನುವುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅಹಲ್ಯಕ್ಕನ ಮುಖದ ನಗು ಅಲ್ಲೇ ನಿಂತುಹೋಯಿತು. ಕೈಯ ತಟ್ಟೆ ಮೆಲ್ಲಗೆ ಕೆಳಗಿಳಿಯಿತು. ಅವರ ಮೂವರು ಗಂಡುಮಕ್ಕಳು ಜಗುಲಿಯಲ್ಲಿ ಸಾಲಾಗಿ ನಿಂತು ತಾಯಿಯನ್ನೇ ನೋಡುತ್ತಿದ್ದರು. ಬೀದಿಯಲ್ಲಿ ಕೆಂಡದ ಮೇಲೆ ಮೆಣಸಿನಕಾಯಿ ಸಿಡಿಯುತ್ತಿತ್ತು.

“ನಮ್ಮ ವನಜಂದು ಅದು,” ಅಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. “ನೆಗಡಿಯಾದ್ರೆ ಅವಳ ದನಿ ಹೀಗೇ ಆಗೋದು.”

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಅತ್ತೆಯ ಮೊಣಕೈ ಪಕ್ಕೆಗೆ ತಾಗಿತು. “ಹೌದು, ನಂದೇ,” ಅಂದೆ. ಅಂದ ಮೇಲೆ ಅದರಲ್ಲಿ ದೊಡ್ಡ ಸುಳ್ಳೇನೂ ಇಲ್ಲ ಅನ್ನಿಸಿತು. “ದಿನಾ ಒಂದು ಸಲವಾದ್ರೂ ಅಂದ್ಕೋತೀನಿ.”

ಬೀದಿಯ ಆ ತುದಿಯಿಂದ ಯಾರೋ, “ನಾನು ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ!” ಅಂದರು. ಇನ್ನೊಬ್ಬರು, “ನಮ್ಮನೆ ಇಲಿ ಅದನ್ನೇ ತಿಂದು ದಪ್ಪಗಾಗಿದೆ ನೋಡ್ರೀ,” ಅಂದರು. ಹೆಂಗಸರ ನಗು ಗೇಟಿನಿಂದ ಗೇಟಿಗೆ ಹಾಯುತ್ತ ಬಂತು. ಅಹಲ್ಯಕ್ಕ ನಗಲಿಲ್ಲ. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, “ಈ ಹೊಗೆಯೊಂದು,” ಅಂದರು.

ಕೊನೆಯದಾಗಿ ನರಿ ಇನ್ನೊಮ್ಮೆ ಬಾಯಿ ತೆರೆಯಿತು. ಅದರ ಗಂಟಲು ಅಲುಗಿದ್ದು ಕಂಡಿತು. ಸದ್ದು ಬರಲಿಲ್ಲ. ಇಷ್ಟೆಲ್ಲ ಆಗಿಯೂ ಅದೊಂದು ಎಲ್ಲೋ ಬಿದ್ದುಹೋಯಿತೇ?

“ಅಮ್ಮಾ!” ಹಿಂದಿನಿಂದ, ಕಿಟಕಿಯ ಸರಳಿಗೆ ಮೂಗು ಒತ್ತಿ ಹಿಡಿದು, ಪಾರಿ ಕೂಗಿದಳು. “ಅಮ್ಮಾ, ಆ ನರಿಗೆ ಚಕ್ಕುಲಿ ಬೇಕಂತೆ!”

ನಾನು ತಟ್ಟೆ ಎಲ್ಲಿ ಬಿಟ್ಟೆನೋ, ಮೆಟ್ಟಿಲು ಹೇಗೆ ಹತ್ತಿದೆನೋ. ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಅವಳ ಎರಡೂ ಕೆನ್ನೆ ಹಿಡಿದೆ. “ಇನ್ನೊಂದ್ಸಲ ಕೂಗು,” ಅಂದೆ. ಕೂಗಿದಳು. “ಇನ್ನೊಂದ್ಸಲ.” “ಎಷ್ಟು ಸಲ ಅಮ್ಮಾ?” ಅಂದಳು.

ನರಿಯನ್ನು ಯಾರೂ ಓಡಿಸಲಿಲ್ಲ. ಹಗುರಾದ ಮೈಯನ್ನೊಮ್ಮೆ ಕೊಡವಿಕೊಂಡು ತಾನೇ ಎದ್ದಿತು. ಅಹಲ್ಯಕ್ಕ ತಮ್ಮ ಗೇಟಿನ ಮುಂದಿದ್ದ ಕೆಂಡದ ಬಾಣಲೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ದಾರಿ ಬಿಟ್ಟರು. ಅದು ಅವಸರವಿಲ್ಲದೆ ಇಟ್ಟಿಗೆ ಗೂಡುಗಳ ಕಡೆ ನಡೆದುಹೋಯಿತು. ಮತ್ತೆ ಬಂದಿಲ್ಲ.

ಬಾರದ ಹಾಗೆ ನಾವೂ ನೋಡಿಕೊಂಡಿದ್ದೇವೆ. ಕಸದ ಡಬ್ಬಿಗಳಿಗೆ ಮುಚ್ಚಳ ಬಂದಿದೆ, ಮುಚ್ಚಳದ ಮೇಲೆ ಕಲ್ಲು ಬಂದಿದೆ. ಗೋಡೆಯ ತೂತು ನಮ್ಮ ಕಡೆ ಅಕ್ಕಿ ಡಬ್ಬದ ಹಿಂದೆ ಇತ್ತು, ಅಹಲ್ಯಕ್ಕನ ಕಡೆ ದೇವರ ಮನೆಯ ಬಾಗಿಲ ಹಿಂದೆ. ಪಾತ್ರೆ ತಿಕ್ಕುವ ಸ್ಟೀಲು ನಾರನ್ನು ಒಳಗೆ ತುರುಕಿ ಎರಡೂ ಕಡೆಯಿಂದ ಇವರು ಸಿಮೆಂಟು ಮೆತ್ತಿದರು. ಮೆತ್ತುವಾಗ ಅಹಲ್ಯಕ್ಕನೇ ನೀರು ಹಿಡಿದು ನಿಂತಿದ್ದರು. ಕೆಲಸ ಮುಗಿದ ಮೇಲೆ ಒಂದು ಡಬ್ಬಿ ತಂದು ಅತ್ತೆಯ ಕೈಗಿಟ್ಟರು. ಅವತ್ತು ಶನಿವಾರ. ಅತ್ತೆ ಮುಚ್ಚಳ ತೆಗೆದು ಚಕ್ಕುಲಿ ನೋಡಿ, “ಸಂಜೆ ತನಕ ಇಟ್ಟರೆ ಮೆತ್ತಗಾಗುತ್ತೋ ಏನೋ,” ಅಂದರು. “ಆಗುತ್ತೆ ದೊಡ್ಡಮ್ಮ. ಈಗಲೇ ತಿನ್ನಿ,” ಅಂದರು ಅಹಲ್ಯಕ್ಕ. ಆಮೇಲೆ ನನ್ನ ಕಡೆ ತಿರುಗಿ, “ಮಧ್ಯಾಹ್ನ ಒಂದು ಗಳಿಗೆ ಪಾರಿಯನ್ನ ನಮ್ಮನೆಗೆ ಕಳಿಸು. ನಾಳೆ ನಮ್ಮ ಹುಡುಗರನ್ನ ನಿನ್ನ ಹತ್ತಿರ ಅಟ್ತೀನಿ,” ಅಂದರು. ಈಗ ಅದೇ ರೂಢಿಯಾಗಿದೆ. ಆ ಗಳಿಗೆಯಲ್ಲಿಯೇ ಕೂತು ಇಷ್ಟನ್ನು ಬರೆದದ್ದು.

ಕುಕ್ಕರ್ ಮೊದಲಿನಂತೆ ಕೂಗುತ್ತಿದೆ. ಇವರ ಗೊರಕೆಯೂ ವಾಪಸು ಬಂದಿದೆ, ಅದಕ್ಕೆ ಏನೂ ಮಾಡುವ ಹಾಗಿಲ್ಲ. ಪಾರಿ ಈಗ ಬಚ್ಚಲಿಂದ, ಜಗುಲಿಯಿಂದ, ಮಂಚದ ಕೆಳಗಿಂದ ಕೂಗುತ್ತಾಳೆ. ಈಗಷ್ಟೇ ಗೋಡೆಯ ಆಚೆಯಿಂದ, ಅಹಲ್ಯಕ್ಕನ ಅಡುಗೆಮನೆಯಿಂದ ಕೂಗಿದಳು. ಪೆನ್ನು ಕೆಳಗಿಟ್ಟು ಗೋಡೆಗೆ ಬಾಯಿ ಹಚ್ಚಿ ಕೇಳಿದೆ, “ಓ, ಏನು ಕಂದಾ?”

“ಏನಿಲ್ಲ ಅಮ್ಮಾ. ಇನ್ನೂ ಇದೆಯಾ ಅಂತ ನೋಡಿದೆ.”